ಅಪ್ಪ ಓದಿದ ಕಂಬಗಳು

ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಕುರಿತು ನಾನು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಪಾಠ ಹೇಳುತ್ತ ಬಂದಿದ್ದೇನೆ. ತಾಳಗುಂದ, ಬಳ್ಳಿಗಾವೆ, ಬಂದಳಿಕೆ, ಹುಂಚ—ಈ ಹೆಸರುಗಳನ್ನು ಹುಡುಗರು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ, ನಾನು ಸಂಬಳಕ್ಕಾಗಿ ಮಾಡುತ್ತೇನೆ. ಆ ಊರುಗಳಿಗೆ ಹೋಗಿಲ್ಲವೆಂದಲ್ಲ, ಹಲವು ಸಲ ಹೋಗಿದ್ದೇನೆ. ಆದರೆ ಹೋದಾಗಲೆಲ್ಲ ಕೈಯಲ್ಲಿ ಪುಸ್ತಕ, ಕಣ್ಣು ಅಕ್ಷರದ ಮೇಲೆ. ಕಂಬವೆಂದರೆ ನನ್ನ ಪಾಲಿಗೆ ಅಕ್ಷರ ಕೆತ್ತುವುದಕ್ಕೆ ಸಿಕ್ಕಿದ ಒಂದು ಜಾಗ, ಅಷ್ಟೆ. ಅಕ್ಷರವಿಲ್ಲದ ಕಂಬದ ಮುಂದೆ ನಾನು ಐದು ನಿಮಿಷ ನಿಂತ ನೆನಪಿಲ್ಲ. ಕಳೆದ ಚಳಿಗಾಲದಲ್ಲಿ ನನ್ನ ತಂದೆಯವರನ್ನು ಕರೆದುಕೊಂಡು ಎರಡು ದಿನ ತಿರುಗಾಡಿದ ಮೇಲೆ ಈ ಅಭ್ಯಾಸ ಸ್ವಲ್ಪ ಕೆಟ್ಟಿದೆ.

ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1969ರಿಂದ ನಾಲ್ವತ್ತು ವರ್ಷ ಲೇತ್ ನಡೆಸಿದವರು. ವಯಸ್ಸು ಎಪ್ಪತ್ತೈದು ದಾಟಿದೆ. ಮಂಡಿ ಸ್ವಲ್ಪ ಹಿಡಿದುಕೊಂಡಿದೆ, ಬಲಗಿವಿ ಮಂದವಾಗಿದೆ. ಕಣ್ಣು ಮಾತ್ರ ಹದ್ದಿನ ಕಣ್ಣು. ನಮ್ಮ ಮನೆಗೆ ಬರುವ ಬಡಗಿಗೆ ಅವರನ್ನು ಕಂಡರೆ ಆಗುವುದಿಲ್ಲ. ಬಾಗಿಲು ಒಂದು ನೂಲು ಓರೆಯಾಗಿದ್ದರೂ ಕುರ್ಚಿಯಿಂದ ಏಳದೆಯೇ ಹೇಳಿಬಿಡುತ್ತಾರೆ.

ಭದ್ರಾವತಿಯನ್ನು ನೋಡುವುದಕ್ಕೆಂದು ಬರುವವರು ಕಡಮೆ. ಅದು ಕೆಲಸದ ಊರು, ಅಲ್ಲಿಗೆ ಜನ ಹೊಟ್ಟೆಪಾಡಿಗೆ ಬಂದರು. ಹಳೆಯ ಹೆಸರು ಬೆಂಕಿಪುರ. ವಂಕಿಪುರವೆಂಬುದೇ ಹೀಗಾಯಿತೆಂದು ಸ್ಥಳಪುರಾಣ ಹೇಳುತ್ತದೆ, ವಂಕಿ ಎಂಬ ಋಷಿಯ ಹೆಸರನ್ನು ಅದಕ್ಕೆ ಜೋಡಿಸುತ್ತದೆ. ಋಷಿಯ ವಿಚಾರ ಹೇಗಾದರೂ ಇರಲಿ, ಬೆಂಕಿ ಮಾತ್ರ ಈ ಊರನ್ನು ಬಿಡಲಿಲ್ಲ. 1918ರಲ್ಲಿ ಮೈಸೂರು ಸರ್ಕಾರ ಇಲ್ಲಿ ಸೌದೆಯ ಭಟ್ಟಿಯನ್ನೂ ಕಬ್ಬಿಣದ ಕಾರ್ಖಾನೆಯನ್ನೂ ಕಟ್ಟಲು ತೊಡಗಿತು. 1923ರ ಜನವರಿಯಲ್ಲಿ ಊದುಕುಲುಮೆಯಿಂದ ಮೊದಲ ಬೀಡುಕಬ್ಬಿಣ ಹರಿಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು—ಈ ಮೂರರ ಮೇಲೆ ಊರು ಬೆಳೆಯಿತು. ತಮಿಳರು, ತೆಲುಗರು, ಮಲಯಾಳಿಗಳು, ಬಯಲುಸೀಮೆಯ ಕನ್ನಡಿಗರು ಎಲ್ಲರೂ ಒಂದೇ ಸೈರನ್ನಿಗೆ ಎದ್ದರು, ಒಂದೇ ಸೈರನ್ನಿಗೆ ಬುತ್ತಿ ಬಿಚ್ಚಿದರು. ಆ ಮೊದಲ ಕಬ್ಬಿಣಕ್ಕೆ ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆಮೇಲೆ ಹೋರಾಟಗಳಾದವು, ಕೆಲವು ವಿಭಾಗಗಳು ಮತ್ತೆ ತೆರೆದವು. ಅಪ್ಪ ಆ ದಿನದ ಪತ್ರಿಕೆಯನ್ನು ಓದಿ ಮಡಿಸಿ ಇಟ್ಟರು, ಏನೂ ಹೇಳಲಿಲ್ಲ. ಆಮೇಲೆ ಸಂಜೆಯ ವಾಕಿಂಗಿಗೆ ಕಾರ್ಖಾನೆಯ ಗೇಟಿನ ಕಡೆ ಹೋಗುವುದನ್ನು ಬಿಟ್ಟರು, ಹೊಳೆಯ ಕಡೆ ಹೋಗತೊಡಗಿದರು.

ಹೊಳೆಯ ಕಡೆಗೆ, ಹಳೇನಗರದಲ್ಲಿ ಇರುವುದೇ ಲಕ್ಷ್ಮೀನರಸಿಂಹ ದೇವಾಲಯ. ಹೊಯ್ಸಳರ ಕಾಲದ್ದು, 13ನೆಯ ಶತಮಾನದ್ದು, ಮೂರು ಗರ್ಭಗುಡಿಗಳ ತ್ರಿಕೂಟ. ಬೇಲೂರು ಹಳೇಬೀಡುಗಳನ್ನು ನೋಡಿ ಬಂದವರಿಗೆ ಇದು ಸಾದಾ ಎನ್ನಿಸಬಹುದು. ಗೋಡೆಯ ಮೇಲೆ ಪುರಾಣವೆಲ್ಲ ಇಲ್ಲಿ ಕಿಕ್ಕಿರಿದು ನಿಂತಿಲ್ಲ. ಆದರೆ ನಕ್ಷತ್ರದ ಮೂಲೆಗಳಂತೆ ಚಾಚಿಕೊಂಡ ಜಗತಿಯ ಮೇಲೆ ಒಂದು ಸುತ್ತು ಬಂದರೆ ಕಟ್ಟಿದವನ ಲೆಕ್ಕಾಚಾರ ಕಾಲಿಗೇ ತಿಳಿಯುತ್ತದೆ. ಅಪ್ಪ ಈ ಗುಡಿಗೆ ಐವತ್ತು ವರ್ಷಗಳಿಂದ ಹೋಗುತ್ತಿದ್ದಾರೆ. ಶನಿವಾರ ಹೋಗುವುದು, ಮಂಗಳಾರತಿ ತೆಗೆದುಕೊಳ್ಳುವುದು, ಬರುವುದು. ಆ ಸಂಜೆ ನಾನು ಜೊತೆಗಿದ್ದೆ. ಮೇಷ್ಟರ ಚಟ, ಸುಮ್ಮನಿರಲಾಗಲಿಲ್ಲ. ನವರಂಗದ ಕಂಬವೊಂದನ್ನು ತೋರಿಸಿ, “ಅಪ್ಪಾ, ಇವನ್ನು ಲೇತಿನಲ್ಲಿ ತಿರುಗಿಸಿ ಮಾಡಿದ್ದು ಅಂತ ವಿದ್ವಾಂಸರು ಬರೀತಾರೆ” ಎಂದೆ.

“ಯಾರು ಬರೀತಾರೆ?”

“ಪುರಾತತ್ತ್ವದವರು, ಇತಿಹಾಸದವರು.”

“ಅವರು ಲೇತ್ ನಡೆಸಿದಾರೇನು?”

ನಾನು ಸುಮ್ಮನಾದೆ. ಅಪ್ಪ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಕಂಬದ ನಡುವಿನ ಬಳೆಗಳ ಮೇಲೆ ಹೆಬ್ಬೆರಳಿನ ಉಗುರನ್ನಿಟ್ಟು ನಿಧಾನವಾಗಿ ಒಂದು ಸುತ್ತು ಬಂದರು. ಐವತ್ತು ವರ್ಷ ನೋಡಿದ ಕಂಬವನ್ನು ಅವರು ಮೊದಲ ಸಲ ಮುಟ್ಟುತ್ತಿದ್ದಾರೆ ಎಂದು ನನಗೆ ಹೊಳೆಯಿತು. ಸುತ್ತು ಮುಗಿದ ಮೇಲೆ, “ಇಲ್ಲಿ ಬೆಳಕು ಸಾಲದು. ಬಯಲಲ್ಲಿ ಬಿದ್ದಿರೋ ಕಂಬ ಎಲ್ಲಾದರೂ ಇದೆಯೇನೋ? ತುದಿ ನೋಡಬೇಕು” ಎಂದರು.

ಬಿದ್ದ ಕಂಬಗಳಿಗೆ ನಮ್ಮ ಜಿಲ್ಲೆಯಲ್ಲಿ ಬರಗಾಲವೇ? ಮರುದಿನ ಬೆಳಿಗ್ಗೆ ಬಳ್ಳಿಗಾವೆಗೆ ಹೊರಟೆವು.

ದಾರಿಯಲ್ಲಿ ಶಿವಮೊಗ್ಗ. ತುಂಗೆಯ ದಡದಲ್ಲಿರುವ ಶಿವಪ್ಪನಾಯಕನ ಅರಮನೆ ಈಗ ವಸ್ತುಸಂಗ್ರಹಾಲಯ. 1645ರಿಂದ 1660ರವರೆಗೆ ಆಳಿದ ಈ ಕೆಳದಿಯ ದೊರೆಯ ಹೆಸರು ಮಲೆನಾಡಿನ ರೈತನಿಗೆ ಇಂದಿಗೂ ಗೊತ್ತು. ಕಾರಣ ಅವನ ಯುದ್ಧಗಳಲ್ಲ, ಅವನ ಶಿಸ್ತು, ಎಂದರೆ ಜಮೀನಿನ ಗುಣ ನೋಡಿ ಕಂದಾಯ ಕಟ್ಟಿದ ಕ್ರಮ. ಈಗ ನಿಂತಿರುವ ಮರದ ಕಟ್ಟಡ ಅವನದಲ್ಲ, ಹೈದರಾಲಿಯ ಕಾಲದ್ದು ಎನ್ನುವವರೂ ಇದ್ದಾರೆ. ಅಂಗಳದಲ್ಲಿ ವೀರಗಲ್ಲುಗಳನ್ನೂ ಮಾಸ್ತಿಕಲ್ಲುಗಳನ್ನೂ ಸಾಲಾಗಿ ನಿಲ್ಲಿಸಿದ್ದಾರೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಕುಳಿತಿರುವುದು—ಇದು ವೀರಗಲ್ಲಿನ ಮೂರು ಅಂತಸ್ತು. ನಾನು ವಿವರಿಸುತ್ತ ಹೋದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಇವನ್ನೆಲ್ಲ ಮೊದಲಿದ್ದ ಜಾಗದಿಂದ ಕಿತ್ತು ತಂದಿದಾರಲ್ಲ, ಆ ಊರಿನೋರು ಏನೂ ಅನ್ನಲಿಲ್ಲವಾ?” ಒಳ್ಳೆಯ ಪ್ರಶ್ನೆ. ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ. ಕಾಫಿ ಕುಡಿದು ಮುಂದೆ ಹೊರಟೆವು.

ಶಿಕಾರಿಪುರ ದಾಟಿ ಶಿರಾಳಕೊಪ್ಪದ ಬಳಿ ತಿರುಗಿದರೆ ಬಳ್ಳಿಗಾವೆ. ಇಂದು ಅದು ಹೆಂಚಿನ ಮನೆಗಳ, ಭತ್ತ ಮೆಕ್ಕೆಜೋಳದ ಹೊಲಗಳ ಒಂದು ಹಳ್ಳಿ. ಒಂಬೈನೂರು ವರ್ಷಗಳ ಹಿಂದೆ ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿ. ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರರು ಕುಳಿತು ಆಳಿದ ಪಟ್ಟಣ. ಶೈವ, ವೈಷ್ಣವ, ಜೈನ, ಬೌದ್ಧ ಎಲ್ಲರಿಗೂ ಇಲ್ಲಿ ಗುಡಿಗಳಿದ್ದುವು. ಕನ್ನಡನಾಡಿನಲ್ಲಿ ಬೌದ್ಧಧರ್ಮ ಬಹುಮಟ್ಟಿಗೆ ಕಣ್ಮರೆಯಾಗಿದ್ದ ಕಾಲದಲ್ಲಿ, 1065ರ ಸುಮಾರಿಗೆ, ರೂಪಭಟ್ಟಯ್ಯನೆಂಬ ಅಧಿಕಾರಿ ಇಲ್ಲಿ ಜಯಂತಿ ಬೌದ್ಧವಿಹಾರವನ್ನು ಕಟ್ಟಿಸಿದ. ಅಲ್ಲಮಪ್ರಭು ಹುಟ್ಟಿದ್ದು ಈ ಊರಿನಲ್ಲಿ ಎಂಬುದು ವೀರಶೈವ ಪರಂಪರೆಯ ಮಾತು. ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟವನ್ನು ತೆರೆದರೆ ಶಿಕಾರಿಪುರ ತಾಲ್ಲೂಕಿನ ಪುಟಗಳಲ್ಲಿ ಈ ಒಂದೇ ಊರು ಎಷ್ಟು ಜಾಗ ಹಿಡಿದಿದೆಯೆಂದು ಆಶ್ಚರ್ಯವಾಗುತ್ತದೆ.

ಮೊದಲು ಭೇರುಂಡೇಶ್ವರ ಸ್ತಂಭಕ್ಕೆ ಹೋದೆವು. 1047ರಲ್ಲಿ ಚಾವುಂಡರಾಯರಸನೆಂಬ ಮಹಾಮಂಡಲೇಶ್ವರ ನಿಲ್ಲಿಸಿದ್ದು, ಸುಮಾರು 30 ಅಡಿ ಎತ್ತರ. ತುದಿಯಲ್ಲಿ ಇಡಿಸಿದ್ದು ಗಂಡಭೇರುಂಡ. ನಾವು ಸರ್ಕಾರಿ ಲಾಂಛನದಲ್ಲಿ ನೋಡುವ ಹಕ್ಕಿಯಲ್ಲ, ಮನುಷ್ಯನ ಮೈಗೆ ಎರಡು ಹಕ್ಕಿತಲೆಗಳನ್ನಿಟ್ಟ ವಿಗ್ರಹ. ನಾನು ಶಾಸನದ ಕಡೆ ಹೋದೆ. ಅಪ್ಪ ಕಂಬದಿಂದ ಇಪ್ಪತ್ತು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ತಮ್ಮ ಊರುಗೋಲನ್ನು ತೂಗುಬಿಟ್ಟು ನೋಡಿದರು. “ಲಂಬ ಸರಿಯಾಗಿದೆ” ಎಂದರು. ಸಾವಿರ ವರ್ಷದ ಮೇಲೆ ಚಾವುಂಡರಾಯನಿಗೆ ದೊರೆತ ಸರ್ಟಿಫಿಕೇಟು ಇದು.

ಈ ಕಂಬದ ಪ್ರಸಂಗದಲ್ಲಿ ಒಂದು ಮಾತನ್ನು ಹೇಳಲೇಬೇಕು. ಬಳ್ಳಿಗಾವೆಯ ಶಾಸನಗಳಲ್ಲಿ ಭೂಮಿಯನ್ನು ಅಳೆಯುವ ‘ಭೇರುಂಡ ಗಳೆ’ಯ ಪ್ರಸ್ತಾಪ ಬರುತ್ತದೆ. ಗಳೆಯೆಂದರೆ ಅಳತೆಯ ಕೋಲು. ಆಯಾ ಸೀಮೆಯಲ್ಲಿ ಆಯಾ ಗಳೆ. ದತ್ತಿ ಬಿಡುವಾಗ ಯಾವ ಕೋಲಿನಲ್ಲಿ ಅಳೆದದ್ದು ಎಂದು ನಮೂದಿಸುವುದು ಪದ್ಧತಿ, ಇಲ್ಲದಿದ್ದರೆ ಮುಂದೆ ಜಗಳ. ಇದನ್ನು ಹೇಳಿದಾಗ ಅಪ್ಪನ ಮುಖ ಅರಳಿತು. “ಹಾಗೆ ಹೇಳು! ನಮ್ಮಲ್ಲಿ ಸ್ಟಾಂಡರ್ಡ್ ಗೇಜ್ ಬೀರುವಿನಲ್ಲಿ ಬೀಗ ಹಾಕಿ ಇಡ್ತಿದ್ರು. ಕೆಲಸಕ್ಕೆ ಬೇರೆ ಗೇಜು. ಆರು ತಿಂಗಳಿಗೊಮ್ಮೆ ಅದರ ಜೊತೆ ಇದನ್ನ ತಾಳೆ ನೋಡೋದು.” ಅಲ್ಲಿಯವರೆಗೆ ನಾನು ಹೇಳಿದ ಮಹಾಮಂಡಲೇಶ್ವರರು, ಪನ್ನಿರ್ಚ್ಛಾಸಿರ ಯಾವುದೂ ಅವರನ್ನು ತಟ್ಟಿರಲಿಲ್ಲ. ಅಳತೆಗೋಲಿಗೂ ಒಂದು ಹೆಸರಿತ್ತು, ಮರ್ಯಾದೆಯಿತ್ತು ಎಂದು ತಿಳಿದ ಮೇಲೆ ಈ ಊರು ಅವರ ಪಾಲಿಗೆ ಊರಾಯಿತು.

ತ್ರಿಪುರಾಂತಕೇಶ್ವರದಲ್ಲಿ ನಾನು ತೋರಿಸಬೇಕೆಂದಿದ್ದದ್ದು ಆ ಪ್ರಸಿದ್ಧ ಜಾಲಂಧ್ರ. ಕಲ್ಲಿನ ಹಲಗೆಯಲ್ಲಿ ನರ್ತಕರೂ ವಾದ್ಯಗಾರರೂ ಬಳ್ಳಿಯ ಸುತ್ತುಗಳೊಳಗೆ ಕುಣಿಯುತ್ತಿರುವುದು. ಅಪ್ಪ ಅದನ್ನು ನೋಡಿ ಮೆಚ್ಚಿದರು, ಆದರೆ ಬೇಗ ಮುಂದೆ ಹೋದರು. ಬಗೆಬಗೆಯ ಕುಸುರಿ ಕೆಲಸದಲ್ಲಿ ಅವರಿಗೆ ಅಷ್ಟು ಆಸಕ್ತಿಯಿಲ್ಲ. “ಅದು ಅಕ್ಕಸಾಲಿ ಕೆಲಸ” ಎಂದುಬಿಡುತ್ತಾರೆ. ಅವರಿಗೆ ಬೇಕಾದದ್ದು ಕೇದಾರೇಶ್ವರದಲ್ಲಿ ಸಿಕ್ಕಿತು.

ಕೇದಾರೇಶ್ವರ ದೇವಾಲಯ ಕೆರೆಯ ಮಗ್ಗುಲಲ್ಲಿದೆ. ಕೋಡಿಯ ಮಠವೆಂದು ಶಾಸನಗಳಲ್ಲಿ ಹೆಸರಾದ ಕಾಳಾಮುಖರ ಮಠ ಈ ಗುಡಿಗೆ ಸೇರಿದ್ದು. ಇದೂ ತ್ರಿಕೂಟವೇ. 11ನೆಯ ಶತಮಾನದ ಕಟ್ಟಡ. ಶಿಖರದ ಮುಂದೆ ಸಿಂಹದೊಡನೆ ಸೆಣಸುವ ಸಳನ ಶಿಲ್ಪವನ್ನು ಆಮೇಲೆ ಹೊಯ್ಸಳರು ಸೇರಿಸಿದರು. ಆವರಣದಲ್ಲಿ ಶಾಸನದ ಕಲ್ಲುಗಳು, ಬಿಡಿ ಶಿಲ್ಪಗಳು. 1162ರ ಶಾಸನವೊಂದು ಈ ಮಠದಲ್ಲಿ ಏನೇನು ನಡೆಯುತ್ತಿತ್ತೆಂದು ವಿವರಿಸುತ್ತದೆ: ನಾಲ್ಕು ವೇದಗಳ, ಹಲವು ವ್ಯಾಕರಣಗಳ, ದರ್ಶನಗಳ, ಕಾವ್ಯನಾಟಕಗಳ ಪಾಠ, ರೋಗಿಗಳಿಗೆ ಔಷಧ, ಹೆದರಿ ಬಂದವರಿಗೆ ಅಭಯ, ಕುರುಡರು, ಕುಂಟರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ಬಾರಿಸುವವರು, ಕುಣಿಯುವವರು ಎಲ್ಲರಿಗೂ ಅನ್ನ. ಈ ಶಾಸನವನ್ನು ಪಾಠ ಹೇಳುವಾಗ ನನ್ನ ಗಂಟಲು ಯಾವಾಗಲೂ ಸ್ವಲ್ಪ ತುಂಬುತ್ತದೆ. ಅಂದೂ ಉತ್ಸಾಹದಿಂದಲೇ ಹೇಳಿದೆ.

ಅಪ್ಪ ಪಟ್ಟಿಯನ್ನು ಪೂರ್ತಿಯಾಗಿ ಕೇಳಿ, “ಕಲ್ಲು ಕೆಲಸದೋರು ಆ ಪಟ್ಟಿಲಿ ಇದಾರಾ?” ಎಂದರು.

“ನನಗೆ ನೆನಪಿರೋ ಮಟ್ಟಿಗೆ ಇಲ್ಲ.”

“ಯಾಕಿರ್ತಾರೆ. ಅವರು ದುಡಿದು ತಿನ್ನೋರು” ಎಂದು ಕಂಬಗಳ ಕಡೆ ತಿರುಗಿದರು.

ಇಲ್ಲಿ ಸ್ವಲ್ಪ ಶಿಲ್ಪಶಾಸ್ತ್ರದ ಮಾತು ಅನಿವಾರ್ಯ; ಓದುಗರು ಸೈರಿಸಿಕೊಳ್ಳಬೇಕು. ಬಾದಾಮಿ, ಪಟ್ಟದಕಲ್ಲುಗಳ ಹಳೆಯ ಚಾಲುಕ್ಯರು ಮರಳುಗಲ್ಲಿನಲ್ಲಿ ಕಟ್ಟಿದರು. 11ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಶಿಲ್ಪಿಗಳು ಬಳಪದ ಕಲ್ಲಿಗೆ ಬಂದರು, ಹೊಯ್ಸಳರ ಶಿಲ್ಪಿಗಳು ಅದನ್ನೇ ಮುಂದುವರಿಸಿದರು. ಗಣಿಯಿಂದ ತೆಗೆದಾಗ ಮೆದು, ಗಾಳಿ ಬಿಸಿಲಿಗೆ ಬರುತ್ತ ಗಟ್ಟಿಯಾಗುತ್ತದೆ ಎಂಬುದು ಈ ಕಲ್ಲಿನ ಗುಣ. ಕಲ್ಲು ಬದಲಾದದ್ದರಿಂದ ಉಳಿಯೂ ಬದಲಾಯಿತು, ಉಳಿ ಬದಲಾದದ್ದರಿಂದ ಕಂಬದ ರೂಪವೇ ಬದಲಾಯಿತು. ಚೌಕ ಬುಡ, ಅದರ ಮೇಲೆ ಗಂಟೆಯಂಥ ಭಾಗ, ಕುತ್ತಿಗೆ, ಬಳೆಗಳು, ಚಪ್ಪಟೆ ತಟ್ಟೆ; ಕನ್ನಡಿಯಂಥ ನುಣುಪು. ಇದು ತಿರುಗಣೆಗೆ ಕೊಟ್ಟು ಮಾಡಿದ ಕೆಲಸವೆಂದು ಬಹುಮಂದಿ ವಿದ್ವಾಂಸರು ಒಪ್ಪುತ್ತಾರೆ. ಹೇಗೆ ತಿರುಗಿಸಿದರು, ಅಡ್ಡ ಮಲಗಿಸಿಯೋ ನಿಲ್ಲಿಸಿಯೋ, ಎಂಬಲ್ಲಿ ಒಮ್ಮತವಿಲ್ಲ. ಅಂಥ ಯಂತ್ರವೊಂದೂ ಉಳಿದು ಬಂದಿಲ್ಲ.

ಅಪ್ಪ ಮೊದಲು ಮಾಡಿದ್ದು ತೂಕದ ಲೆಕ್ಕ. ಎರಡು ಅಡಿ ಚದರ, ಎಂಟು ಅಡಿ ಉದ್ದದ ದಿಮ್ಮಿ ಎಂದಿಟ್ಟುಕೊಂಡರೆ 32 ಘನ ಅಡಿ. ಕಲ್ಲು ನೀರಿಗಿಂತ ಎರಡೂಮುಕ್ಕಾಲು ಪಾಲು ಭಾರವೆಂದು ಹಿಡಿದರೂ ಎರಡೂವರೆ ಟನ್ನಿನ ಹತ್ತಿರ. “ಇದನ್ನ ಅಡ್ಡ ಮಲಗಿಸಿ ಎರಡು ತುದಿ ಹಿಡಿದು ತಿರುಗಿಸಬೇಕಾದರೆ ಆ ಕಾಲದ ಬೇರಿಂಗು ತಡೀತಿತ್ತಾ? ನಾನು ಒಪ್ಪಲ್ಲ. ನಿಲ್ಲಿಸಿ ತಿರುಗಿಸಿದಾರೆ. ಕೆಳಗೆ ಒಂದು ಗೂಟ, ಮೇಲೆ ಒಂದು ಹಿಡಿತ. ಭಾರ ಎಲ್ಲ ಗೂಟದ ಮೇಲೆ.” ಬುಡದ ಚೌಕವನ್ನು ತೋರಿಸಿದರು. “ನೋಡು, ಇದು ಮೊದಲಿನ ದಿಮ್ಮಿಯ ಚೌಕವೇ. ನಡುವೆ ಮಾತ್ರ ತಿರುಗಿಸಿದಾರೆ. ಚೌಕ ಮಾಲನ್ನ ನಡುಮಧ್ಯಕ್ಕೆ ಹಿಡಿಯೋದು ತಮಾಷೆಯಲ್ಲ. ನಮಗೆ ನಾಲ್ಕು ದವಡೆ ಚಕ್ ಇತ್ತು. ಒಂದೊಂದು ದವಡೆ ಒಂದೊಂದು ಸುತ್ತು ಬಿಗಿ ಮಾಡಿ, ಸೀಮೆಸುಣ್ಣ ಹಿಡಿದು, ಎಲ್ಲಿ ತಾಗುತ್ತೆ ನೋಡಿ, ಅರ್ಧ ಗಂಟೆ ಅದಕ್ಕೇ ಹೋಗೋದು. ಇವರು ಎರಡೂವರೆ ಟನ್ ಹೇಗೆ ಸೆಂಟರ್ ಮಾಡಿದರು?”

“ತಿರುಗಿಸಿದ್ದಾದರೂ ಯಾವುದರಿಂದ? ಕರೆಂಟಿಲ್ಲ, ಉಗಿಯಿಲ್ಲ” ಎಂದೆ.

ಅಪ್ಪ ಎರಡು ಕೈಗಳನ್ನೂ ಮುಂದೆ ಚಾಚಿ ಒಂದನ್ನು ಎಳೆದು ಇನ್ನೊಂದನ್ನು ಬಿಟ್ಟು ತೋರಿಸಿದರು. “ನಿಮ್ಮಜ್ಜಿ ಮಜ್ಜಿಗೆ ಮಾಡ್ತಿರಲಿಲ್ಲವಾ? ಹಾಗೆ. ಹಗ್ಗ ಸುತ್ತಿ ಈ ಕಡೆ ನಾಲ್ಕು ಜನ, ಆ ಕಡೆ ನಾಲ್ಕು ಜನ. ವೇಗ ಬೇಕಾಗಿಲ್ಲ, ಅಲುಗಾಡಬಾರದು, ಅಷ್ಟೆ.”

ಇಷ್ಟು ಹೇಳಿ ಅವರು ಮುಂದಿನ ಕಂಬಕ್ಕೆ ಹೋದರು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಮಜ್ಜಿಗೆ ‘ಕಡೆಯುವುದು’, ವಿಗ್ರಹ ‘ಕಡೆಯುವುದು’, ಬೊಂಬೆ ‘ಕಡೆದಿಟ್ಟ’ ಹಾಗಿದೆ ಎನ್ನುವುದು—ಕನ್ನಡದಲ್ಲಿ ಈ ಎರಡು ಕೆಲಸಕ್ಕೂ ಒಂದೇ ಕ್ರಿಯಾಪದ. ಧಾತುಪಾಠದಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಮಥಿಸುವುದಕ್ಕೂ ಶಿಲ್ಪ ಮಾಡುವುದಕ್ಕೂ ಏನು ಸಂಬಂಧವೆಂದು ಒಬ್ಬ ವಿದ್ಯಾರ್ಥಿ ಕೇಳಿದಾಗ, ಅರ್ಥವಿಸ್ತಾರ ಎಂಬ ದೊಡ್ಡ ಮಾತಿನಿಂದ ಅವನ ಬಾಯಿ ಮುಚ್ಚಿಸಿದ್ದೂ ಉಂಟು. ಕಡಗೋಲು ನಿಂತಿರುತ್ತದೆ, ಹಗ್ಗ ಸುತ್ತಿರುತ್ತದೆ, ಎರಡು ಕೈ ಹಿಂದುಮುಂದಾಗಿ ಎಳೆಯುತ್ತದೆ. ಅದೇ ತಿರುಗಣೆ! ನಾನು ಅಪ್ಪನಿಗೆ ಇದನ್ನು ಓಡಿಹೋಗಿ ಹೇಳಿದೆ. ಅವರಿಗೇನೂ ಆಶ್ಚರ್ಯವಾಗಲಿಲ್ಲ. “ನನಗೆ ಕೆಲಸ ಕಲಿಸಿದ ಮೇಸ್ತ್ರಿ ತಮಿಳಿನವರು. ಲೇತ್ ಕೆಲಸಕ್ಕೆ ಅವರು ‘ಕಡೈಸಲ್’ ಅಂತಲೇ ಅನ್ನೋರು” ಎಂದರು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದು ಆ ಮಾತನ್ನು ನಾನು ಅವರ ಬಾಯಿಂದ ಕೇಳಿರಲಿಲ್ಲ. ಕೇಳುವ ಗೋಜಿಗೇ ಹೋಗಿರಲಿಲ್ಲ ಎನ್ನುವುದು ಹೆಚ್ಚು ನಿಜ. ಎಂ.ಎ. ಓದುವಾಗ ಸಹಪಾಠಿಗಳು ತಂದೆಗೇನು ಕೆಲಸವೆಂದು ಕೇಳಿದರೆ ‘ಫ್ಯಾಕ್ಟರಿಯಲ್ಲಿ’ ಎಂದು ನಿಲ್ಲಿಸುತ್ತಿದ್ದೆ; ಅವರು ಆಫೀಸಿನ ಕೆಲಸವೆಂದು ತಿಳಿದುಕೊಂಡರೆ ತಿದ್ದುತ್ತಿರಲಿಲ್ಲ.

ಆವರಣದ ಅಂಚಿನಲ್ಲಿ ಮುರಿದ ಕಂಬದ ತುಂಡೊಂದು ಬಿದ್ದಿತ್ತು. ಅಪ್ಪ ಮಂಡಿನೋವನ್ನು ಮರೆತು ಹುಲ್ಲಿನ ಮೇಲೆ ಕುಳಿತೇಬಿಟ್ಟರು. ತುದಿಯ ಮಣ್ಣನ್ನು ಟವೆಲಿನಿಂದ ಒರೆಸಿ, ನಡುವಿನಲ್ಲಿ ಗೂಟದ ಗುಳಿ ಇದೆಯೇ ಎಂದು ಬೆರಳಿಟ್ಟು ಹುಡುಕಿದರು. ಅಲ್ಲಿದ್ದದ್ದು ಮೇಲಿನ ಕಲ್ಲಿಗೆ ಕೂರಿಸುವ ಚೌಕನೆಯ ಮೊಳೆ. “ಸಾಕ್ಷಿ ತೆಗೆದುಹಾಕಿದಾರೆ. ಗುಳಿ ಇದ್ದ ಜಾಗವನ್ನೇ ಕೆತ್ತಿ ಕೂಸು ಮಾಡಿದಾರೆ. ನಾನಾದರೂ ಹಾಗೇ ಮಾಡ್ತಿದ್ದೆ” ಎಂದರು. ನಿರಾಶೆಯಿತ್ತು, ಮೆಚ್ಚಿಕೆಯೂ ಇತ್ತು.

ಆಮೇಲೆ ಜೇಬಿನಿಂದ ಒಂದು ಸೆಣಬಿನ ಹುರಿ ತೆಗೆದರು. ಕಾವಲುಗಾರ ಹತ್ತಿರ ಬಂದ. ಏನು ಮಾಡುತ್ತೀರಿ ಎಂದ. “ಏನೂ ಇಲ್ಲಪ್ಪ, ಸುತ್ತಳತೆ” ಎಂದರು. ಆತ ಅಪ್ಪನ ವಯಸ್ಸನ್ನು ನೋಡಿ ಸುಮ್ಮನಾದ, ಸ್ವಲ್ಪ ಹೊತ್ತಿನಲ್ಲಿ ಹುರಿಯ ಇನ್ನೊಂದು ತುದಿಯನ್ನು ತಾನೇ ಹಿಡಿದುಕೊಂಡ. ನವರಂಗದ ನಾಲ್ಕು ಕಂಬಗಳ ಕುತ್ತಿಗೆಗೂ ಹುರಿ ಸುತ್ತಿ, ಒಂದೊಂದಕ್ಕೂ ಒಂದು ಗಂಟು ಹಾಕಿದರು. ಎರಡು ಗಂಟುಗಳು ಒಂದರ ಮೇಲೊಂದು ಬಿದ್ದುವು. ಉಳಿದೆರಡು ಅವಕ್ಕಿಂತ ಒಂದು ಕಡಲೆಯಷ್ಟು ಮುಂದೆ, ಆದರೆ ತಮ್ಮತಮ್ಮಲ್ಲಿ ಒಂದೇ. ಅಪ್ಪ ಬಳೆಗಳ ಅಂಚನ್ನು ಮತ್ತೊಮ್ಮೆ ಉಗುರಿನಿಂದ ಸವರಿ ನೋಡಿ ತೀರ್ಪು ಕೊಟ್ಟರು: “ಈ ಎರಡು ಒಬ್ಬನ ಕೈ. ಆ ಎರಡು ಇನ್ನೊಬ್ಬನ ಕೈ. ಇವನು ಉಳಿ ಒತ್ತಿ ಹಿಡೀತಾನೆ, ಅಂಚು ಚೂಪು. ಅವನು ಸ್ವಲ್ಪ ನಿಧಾನಸ್ಥ.”

ಇದನ್ನು ಯಾರೂ ಸಂಶೋಧನೆಯೆಂದು ಭಾವಿಸಬಾರದು. ಸೆಣಬಿನ ಹುರಿ ಹಿಗ್ಗುತ್ತದೆ, ಒಂಬೈನೂರು ವರ್ಷದ ಕಲ್ಲು ಸವೆಯುತ್ತದೆ. ಆದರೆ ರಾಜ, ದತ್ತಿ, ಮಠಾಧಿಪತಿಗಳ ಹೆಸರುಗಳನ್ನು ಮಾತ್ರ ಬಲ್ಲ ನನಗೆ ಆ ಗುಡಿಯಲ್ಲಿ ಮೊದಲ ಸಲ ಇಬ್ಬರು ಕೆಲಸಗಾರರು ಬೇರೆಬೇರೆಯಾಗಿ ಕಾಣಿಸಿದರು.

“ಹೆಸರೇನಾದರೂ ಇದೆಯಾ ಇವರದು?” ಎಂದರು ಅಪ್ಪ. “ನಮಗೂ ಇರಲಿಲ್ಲ ಬಿಡು. ಟಿಕೆಟ್ ನಂಬರು. ಮಾಲಿನ ಮೇಲೆ ಜಾಬ್ ನಂಬರ್ ಪಂಚ್ ಮಾಡಿ ಕಳಿಸೋದು. ನಲವತ್ತು ವರ್ಷದ ಶಾಫ್ಟ್ ಎಷ್ಟಿರಬಹುದು! ಎಲ್ಲೆಲ್ಲಿ ತಿರುಗ್ತಾ ಇವೆಯೋ.”

ಆಗ ನನಗೆ ದಾಸೋಜನ ನೆನಪಾಯಿತು. ನೆನಪಾಗಲು ಅಷ್ಟು ಹೊತ್ತು ಹಿಡಿಯಿತೆಂಬುದೇ ನಾಚಿಕೆಯ ವಿಷಯ. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನೋಡದ ಕನ್ನಡಿಗರು ಕಡಮೆ. ಆ ವಿಗ್ರಹಗಳ ಕೆಲವು ಪೀಠಗಳ ಮೇಲೆ ಮಾಡಿದವರ ಹೆಸರುಗಳಿವೆ. ಅವರಲ್ಲಿ ಒಬ್ಬ ದಾಸೋಜ, ಇನ್ನೊಬ್ಬ ಚಾವಣ. ದಾಸೋಜ ಬಳ್ಳಿಗಾವೆಯವನು, ಚಾವಣ ಅವನ ಮಗ. ಎದುರಾಳಿ ಶಿಲ್ಪಿಗಳ ಸೊಕ್ಕನ್ನು ಮುರಿಯುವವರು ತಾವೆಂಬ ಅರ್ಥದ ಬಿರುದುಗಳನ್ನೂ ಅಪ್ಪ ಮಗ ಇಬ್ಬರೂ ಸಂಕೋಚವಿಲ್ಲದೆ ಕೆತ್ತಿಕೊಂಡಿದ್ದಾರೆ. ಭದ್ರಾವತಿಗೆ ಹತ್ತಿರದ ಅಮೃತಾಪುರದಲ್ಲಿಯೂ, 1196ರ ಅಮೃತೇಶ್ವರ ದೇವಾಲಯದಲ್ಲಿ, ಮಲ್ಲಿತಮ್ಮನೆಂಬ ರೂವಾರಿಯ ಹೆಸರಿದೆ. ಆದ್ದರಿಂದ ಕನ್ನಡನಾಡಿನ ಶಿಲ್ಪಿಗಳು ಹೆಸರಿಲ್ಲದೆ ಹೋದರೆಂದು ನಾವು ಸಾರಾಸಗಟಾಗಿ ಹೇಳುವ ಮಾತು ಅಷ್ಟು ಸರಿಯಲ್ಲ. ಹೊಯ್ಸಳರ ಗುಡಿಗಳಲ್ಲಿ ಹೆಸರು ಹಾಕಿಕೊಂಡವರು ಎಷ್ಟೋ ಮಂದಿ. ಅದನ್ನು ಓದುವ ವ್ಯವಧಾನ ನಮಗಿರಲಿಲ್ಲ. ಕಣ್ಣೆಲ್ಲ ಮದನಿಕೆಯ ಮುಖದ ಮೇಲೆ.

“ಈ ಊರಿನವರಾ?” ಎಂದು ಅಪ್ಪ ಎರಡು ಸಲ ಕೇಳಿದರು.

“ಈ ಊರಿನವರೇ. ಇಲ್ಲಿಂದ ಬೇಲೂರಿಗೆ ಹೋಗಿ ಕೆಲಸ ಮಾಡಿದಾರೆ.”

“ಅಪ್ಪ ಮಗ ಒಂದೇ ಶಾಪಿನಲ್ಲಿ!” ಎಂದು ನಕ್ಕರು. ನಾನು ಹತ್ತನೆಯ ತರಗತಿ ಮುಗಿಸಿದಾಗ ಅವರು ಐ.ಟಿ.ಐ. ಅರ್ಜಿ ತಂದು ಮೇಜಿನ ಮೇಲೆ ಇಟ್ಟಿದ್ದರು. ನಾನು ಅದನ್ನು ತುಂಬಲಿಲ್ಲ. ಅವರು ಮತ್ತೆ ಆ ವಿಷಯ ಎತ್ತಲಿಲ್ಲ. ಆ ನಗುವಿನಲ್ಲಿ ಅರ್ಜಿಯ ನೆನಪಿತ್ತೋ ಇಲ್ಲವೋ, ನಾನೂ ಕೇಳಲಿಲ್ಲ.

ಹೊತ್ತು ಇಳಿಯುವ ಮೊದಲು ತಾಳಗುಂದಕ್ಕೆ ಹೋದೆವು. ಬಳ್ಳಿಗಾವೆಗೆ ಅದು ಹತ್ತಿರವೇ. ಪ್ರಣವೇಶ್ವರ ಗುಡಿಯ ಮುಂದಿನ ಸ್ತಂಭ ಕದಂಬರ ಚರಿತ್ರೆಗೆ ಮೂಲಾಧಾರ. 1894ರಲ್ಲಿ ರೈಸ್ ಅವರ ಕಣ್ಣಿಗೆ ಅದು ಬೀಳುವವರೆಗೆ ಮಯೂರಶರ್ಮ ನಮಗೆ ಅಪರಿಚಿತನೆಂದೇ ಹೇಳಬೇಕು. ಗುರು ವೀರಶರ್ಮನೊಡನೆ ವೇದ ಓದಲು ಕಂಚಿಗೆ ಹೋದ ಹುಡುಗ, ಅಲ್ಲಿ ಪಲ್ಲವರ ರಾವುತನೊಬ್ಬನೊಡನೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದ ಕಥೆಯನ್ನು ಈ ಕಂಬವೇ ಹೇಳುವುದು. 5ನೆಯ ಶತಮಾನದಲ್ಲಿ, ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಸಂಸ್ಕೃತ ಪದ್ಯಗಳಲ್ಲಿ ರಚಿಸಿದ್ದು. ಇದೇ ಗುಡಿಯ ಬಳಿ 2013ರಲ್ಲಿ ಪುರಾತತ್ತ್ವ ಇಲಾಖೆಯವರಿಗೆ ಸಿಂಹಕಟಾಂಜನದ ಮೇಲಿನ ಶಾಸನವೊಂದು ಸಿಕ್ಕಿತು. ಅದು ಕ್ರಿ.ಶ. 370ರದೆಂದು, ಆದ್ದರಿಂದ ಹಲ್ಮಿಡಿಗಿಂತ ಹಳೆಯ ಕನ್ನಡವೆಂದು ಅವರು ಹೇಳಿದ್ದಾರೆ. ಕಾಲದ ವಿಷಯದಲ್ಲಿ ಚರ್ಚೆ ಇನ್ನೂ ನಿಂತಿಲ್ಲ. ಬೇರೆ ದಿನವಾಗಿದ್ದರೆ ನಾನು ಆ ಚರ್ಚೆಯನ್ನು ಅರ್ಧ ಗಂಟೆ ನಡೆಸುತ್ತಿದ್ದೆ.

ಅಂದು ಅಪ್ಪನಿಗೆ ಹೇಳಿದ್ದು ಬೇರೆ. ಕುಬ್ಜ ಕೊನೆಯ ಪದ್ಯದಲ್ಲಿ, ಈ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಂಡಿದ್ದಾನೆ. ಕವಿಯೇ ಕಲ್ಲಿನ ಮೇಲೆ ಕೈಯಿಟ್ಟವನು.

ಅಪ್ಪ ಕಂಬದ ಹತ್ತಿರ ಹೋದರು. ಇದು ಎಂಟು ಮುಖದ ಕಂಬ, ತಿರುಗಿಸಿದ್ದಲ್ಲ. ಅಷ್ಟನ್ನು ಒಂದೇ ನೋಟದಲ್ಲಿ ಹೇಳಿದರು. ಸಾಲುಗಳು ನೇರವಾಗಿವೆಯೇ ಎಂದು ಕಣ್ಣು ಹಾಯಿಸಿದರು. ಒಂದು ಅಕ್ಷರವನ್ನು ತೋರಿಸಿ, “ಇದು ಏನು?” ಎಂದರು. “ಕ” ಎಂದೆ. “ಇದು?” “ಮ.” ಹೀಗೆ ಒಂದು ಸಾಲಿನ ತುಂಬ ಕೇಳಿದರು. ಮಕ್ಕಳಿಗೆ ಕಲಿಸುವಂತೆ ಒಂದೊಂದಾಗಿ ಹೇಳಿದೆ. ಅಕ್ಷರಗಳ ತಲೆಯ ಮೇಲಿನ ಸಣ್ಣ ಚೌಕಗಳನ್ನು ಗಮನಿಸಿ, “ಪ್ರತಿ ಅಕ್ಷರಕ್ಕೂ ಈ ಪೆಟ್ಟಿಗೆ ಯಾಕೆ?” ಎಂದರು. ಪೆಟ್ಟಿಗೆತಲೆಯ ಲಿಪಿಯೆಂದು ವಿದ್ವಾಂಸರು ಅದನ್ನು ಕರೆಯುವುದೂ ಇದಕ್ಕೇ. ಅವರು ಅದನ್ನು ತಾವಾಗಿ ಕಂಡುಕೊಂಡಿದ್ದರು.

ಭದ್ರಾವತಿಗೆ ವಾಪಸಾಗುವಾಗ ಕತ್ತಲಾಯಿತು. ಶಿಕಾರಿಪುರದಲ್ಲಿ ಟೀ ಕುಡಿದೆವು. ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ, ನಿದ್ದೆ ಬಂದಿದೆಯೆಂದುಕೊಂಡೆ. ಶಿವಮೊಗ್ಗದ ತುಂಗಾ ಸೇತುವೆ ದಾಟಿದ ಮೇಲೆ ಜೇಬಿನಿಂದ ಆ ಹುರಿ ತೆಗೆದು ದೀಪದ ಬೆಳಕಿನಲ್ಲಿ ಗಂಟುಗಳನ್ನು ಮತ್ತೊಮ್ಮೆ ಎಣಿಸಿದರು.

“ಬೇಲೂರಿನಲ್ಲಿ ಆ ಹೆಸರು ಇರೋದು ಎಷ್ಟು ಎತ್ತರದಲ್ಲಿ? ಕೆಳಗಿಂದ ಕಾಣುತ್ತಾ?” ಎಂದರು.

“ಮೇಲಿದೆ. ಸೂರಿನ ಕೆಳಗೆ. ದುರ್ಬೀನು ಬೇಕಾಗುತ್ತೆ.”

“ತಗೋ ಒಂದು. ಯಾವಾಗ ಬಿಡುವು ನಿನಗೆ?”

ಮೌಲ್ಯಮಾಪನ ಮುಗಿದ ಮರುದಿನವೇ ಎಂದೆ.